ಹಬೆ ಹಂಡೆಯ ಮುಂದೆ ಕಲಿತದ್ದು

ಶುಂಠಿ, ಅರಿಶಿನ, ಏಲಕ್ಕಿಗಳನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುವುದು ನನ್ನ ಕಸುಬು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗೆ ಹೇಳುವ ಮಾತುಗಳಿವು.

1. ಘಮ ಬೇರೆ, ಖಾರ ಬೇರೆ. "ನಿಮ್ಮ ಶುಂಠಿ ಎಣ್ಣೇಲಿ ಖಾರವೇ ಇಲ್ಲವಲ್ರೀ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲದಿದ್ದರೇ ಸರಿ. ಶುಂಠಿಯ ಘಮದಲ್ಲಿ ದೊಡ್ಡ ಪಾಲು ಜಿಂಜಿಬರೀನ್‌ನದು. ಅದು ಹಬೆಯೊಡನೆ ಏರಿ ಬರುತ್ತದೆ. ಖಾರದ ಜಿಂಜರಾಲ್ ಹಬೆಗೆ ಜಗ್ಗುವುದಿಲ್ಲ, ಹಂಡೆಯಲ್ಲೇ ಕೂರುತ್ತದೆ. ಗಿಡದೊಳಗೂ ಇವೆರಡರ ದಾರಿ ಬೇರೆ. ಜಿಂಜಿಬರೀನ್ ಟರ್ಪೀನ್‌ಗಳ ಗುಂಪಿನದು. ಜಿಂಜರಾಲ್ ತಯಾರಾಗುವುದು ಫಿನೈಲಲನಿನ್ ಎಂಬ ಅಮೈನೋ ಆಮ್ಲದಿಂದ ಹೊರಟು. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಕೂಡ ಜಿಂಜರಾಲ್‌ನ ದಾಯಾದಿ. ಹಾಗಾಗಿ ಹಬೆಯಲ್ಲಿ ಇಳಿಸಿದ ಅರಿಶಿನದ ಎಣ್ಣೆಯಲ್ಲಿ ಕರ್ಕ್ಯುಮಿನ್ ಹುಡುಕಬೇಡಿ. ಖಾರ, ಬಣ್ಣ ಎರಡೂ ಬೇಕೆಂದವರು ದ್ರಾವಕದಲ್ಲಿ ತೆಗೆದ ಓಲಿಯೋರೆಸಿನ್ ಕೊಳ್ಳಲಿ.

2. ಐದರ ಮಗ್ಗಿ ಗೊತ್ತಿರಬೇಕು. ಟರ್ಪೀನ್‌ಗಳೆಲ್ಲ ಐದೈದು ಇಂಗಾಲದ ತುಣುಕುಗಳ ಜೋಡಣೆ. ಎರಡು ತುಣುಕು ಕೂಡಿದರೆ ಮಾನೋಟರ್ಪೀನ್, ಮೂರು ಕೂಡಿದರೆ ಸೆಸ್ಕ್ವಿಟರ್ಪೀನ್. ಮೊದಲನೆಯವು ಸಾಮಾನ್ಯವಾಗಿ ಜೀವಕೋಶದ ಪ್ಲಾಸ್ಟಿಡ್‌ಗಳಲ್ಲಿ ಹುಟ್ಟುತ್ತವೆ, ಎರಡನೆಯವು ಹೊರಗಿನ ಕೋಶದ್ರವದಲ್ಲಿ. ಆ ಸರಪಣಿ ಎಲ್ಲಿ ಬಾಗಬೇಕು, ಎಲ್ಲಿ ಉಂಗುರವಾಗಬೇಕು ಎಂಬುದನ್ನು ತೀರ್ಮಾನಿಸುವುದು ಟರ್ಪೀನ್ ಸಿಂಥೇಸ್ ಎಂಬ ಕಿಣ್ವಗಳು. ಒಂದೇ ಕುಟುಂಬದ ಗಿಡಗಳು ಇಷ್ಟು ಬೇರೆ ಬೇರೆ ವಾಸನೆ ಬೀರುವುದು ಹೆಚ್ಚಾಗಿ ಈ ಕಿಣ್ವಗಳ ಕೈಚಳಕದಿಂದ. ಏಲಕ್ಕಿಯ 1,8-ಸಿನಿಯೋಲ್ ಎರಡು ತುಣುಕಿನದು, ಅರಿಶಿನದ ಟರ್ಮೆರೋನ್ ಮೂರರದು. ಭಾರದವು ನಿಧಾನವಾಗಿ ಇಳಿಯುತ್ತವೆ. ಏಲಕ್ಕಿಗೆ ಸಾಕಾಗುವ ಹೊತ್ತಿಗೇ ಅರಿಶಿನದ ಒಲೆ ಆರಿಸಿದರೆ ನಷ್ಟ ನಿಮ್ಮದು.

3. ಶುಂಠಿಯ ಸಿಪ್ಪೆ ಕೆರೆಯುವ ಕೈ ಹಗುರವಾಗಿರಲಿ. ಎಣ್ಣೆಕೋಶಗಳು ಸಿಪ್ಪೆಯ ಕೆಳಗೇ ದಟ್ಟವಾಗಿರುತ್ತವೆ. ಚೂಪು ಮಾಡಿದ ಬಿದಿರಿನ ಸೀಳಿನಿಂದ ಮೇಲೆ ಮೇಲೆ ಕೆರೆದರೆ ಸಾಕು.

4. ತೂಕಕ್ಕೆ ಮರುಳಾಗಬೇಡಿ. ನಮ್ಮಲ್ಲಿ ರಿಗೋಡಿ ಎಂದು ಕರೆಯುವ ರಿಯೋ ಡಿ ಜನೈರೋ ಶುಂಠಿ ತಳಿ ಹಸಿಯಾಗಿ ಮಾರಲು ಸೊಗಸು. ಗಡ್ಡೆ ದಪ್ಪ, ನಾರು ಕಡಿಮೆ. ಒಣಗಿಸಿದರೆ ಉಳಿಯುವುದು ಸ್ವಲ್ಪ. ಹಸಿ ಶುಂಠಿಯನ್ನು 6 ತಿಂಗಳಿಗೇ ಕೀಳಬಹುದು, ಒಣಶುಂಠಿಗಾದರೆ 8 ತಿಂಗಳಾದರೂ ಬಲಿಯಲಿ. ಒಣಗುವಾಗ, ಅದರಲ್ಲೂ ಬಿಸಿ ತಗುಲಿದಾಗ, ಜಿಂಜರಾಲ್ ನೀರಿನ ಅಣುವೊಂದನ್ನು ಕಳೆದುಕೊಂಡು ಶೋಗಾಲ್ ಆಗುತ್ತದೆ. ಅದರ ಖಾರ ಇನ್ನೂ ಹೆಚ್ಚು. ಒಣಶುಂಠಿ ಕಷಾಯ ಕುಡಿದವರ ಗಂಟಲಿಗೆ ಇದು ಗೊತ್ತು.

5. ಹೆಸರು ನಂಬಿ ಗಡ್ಡೆ ಕೊಳ್ಳಬೇಡಿ. ಮಾವಿನ ಶುಂಠಿ ಅರಿಶಿನದ ಜಾತಿಗೆ ಸೇರಿದ್ದು. ಮಾವಿನಕಾಯಿಯ ವಾಸನೆಗೆ ಮಿರ್ಸೀನ್‌ನಂಥ ಟರ್ಪೀನ್‌ಗಳು ಕಾರಣ. ಕಚ್ಚೂರ ಎಂದರೆ ಒಂದೊಂದು ಅಂಗಡಿಯವರು ಒಂದೊಂದು ಗಡ್ಡೆ ತೂಗುತ್ತಾರೆ. ಮಲಯಾಳಿಗಳ ಕಚ್ಚೋಲಂ, ಅಂದರೆ ಕೆಂಫೇರಿಯಾ ಗಲಾಂಗ, ನಿಮಗೆ ಬೇಕಿದ್ದರೆ ಒಂದು ಗುರುತು ಹೇಳುತ್ತೇನೆ. ಅದರ ಘಮದ ಮುಖ್ಯ ವಸ್ತು ಟರ್ಪೀನ್ ಗುಂಪಿನದೇ ಅಲ್ಲ, ಈಥೈಲ್ ಪ್ಯಾರಾ-ಮೆಥಾಕ್ಸಿಸಿನ್ನಮೇಟ್. ಎಣ್ಣೆ ತಣಿದಾಗ ಅದು ಬಿಳಿ ಹರಳಾಗಿ ನಿಲ್ಲುತ್ತದೆ. ತಣಿಸುವ ಕೊಳವೆಯನ್ನು ತೀರಾ ತಣ್ಣಗಿಟ್ಟರೆ ಹರಳು ಅಲ್ಲೇ ಕಟ್ಟಿಕೊಂಡೀತು. ನೀರು ಸ್ವಲ್ಪ ಉಗುರುಬೆಚ್ಚಗಿರಲಿ.