ಪ್ರೆಷರ್ ಏರಿಸುವ ಮೊದಲು ಗೇಜ್ ಹಚ್ಚಿ

2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದ ಮೇಲೆ ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳಿಗೆ ಬರುವ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮಾಯವಾಯಿತು. ಅದರ ಜಾಗಕ್ಕೆ ಥ್ರಾಟಲ್ ಬಾಡಿ, ಇಂಜೆಕ್ಟರ್, ಟ್ಯಾಂಕಿನೊಳಗೊಂದು ಪಂಪ್ ಬಂದವು. ಗಿರಾಕಿಯ ಮಾತು ಮಾತ್ರ ಹಳೆಯದೇ: “ಗಾಡಿ ಎಳಿವಲ್ತರಿ, ಪಿಕಪ್ ಇಲ್ಲ.” ಜೆಟ್ ದೊಡ್ಡದು ಮಾಡಿ ರೂಢಿಯಾದ ಕೈಗೆ ಪೆಟ್ರೋಲ್ ಪ್ರೆಷರ್ ಏರಿಸುವ ಆಸೆ ಬರುತ್ತದೆ. ಏರಿಸಬಹುದು. ಆದರೆ ಅದು ಕಟ್ಟಕಡೆಯ ಕೆಲಸ.

1. ಮೊದಲು ಅಳೆಯಿರಿ. ಪಂಪಿಗೂ ಇಂಜೆಕ್ಟರಿಗೂ ನಡುವೆ ‘ಟಿ’ ಜೋಡಿಸಿ (ಪೈಪ್ ಬಿಚ್ಚುವ ಮುಂಚೆ 7ನೇ ಅಂಶ ಓದಿ) ಗೇಜ್ ಹಚ್ಚಿ, ಕೀ ಆನ್ ಮಾಡಿ. ಈಗಿನ ಬಹುತೇಕ ಬೈಕುಗಳಲ್ಲಿ ಮುಳ್ಳು 3 ಬಾರ್ ಆಸುಪಾಸಿಗೆ ಬರಬೇಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ.

2. ಕಡಿಮೆ ಬಂದರೆ ಪಂಪ್ ಬಿಚ್ಚಿ ನೋಡಿ. ಕೆಳಗಿನ ಜಾಳಿಗೆಯನ್ನು ಬೆಳಕಿಗೆ ಹಿಡಿಯಿರಿ. ಬಿಳಿ ಬಲೆ ಕಂದು ಬಣ್ಣಕ್ಕೆ ತಿರುಗಿ, ಬೆರಳಿಗೆ ತುಕ್ಕಿನ ಪುಡಿಯೂ ಅಂಟು ಕೆಸರೂ ಹತ್ತಿದರೆ ರೋಗ ಅಲ್ಲೇ ಇದೆ. ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ನೀರನ್ನು ಹೀರುತ್ತದೆ. ಧಾರವಾಡದ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟುಕೊಂಡು ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದನ್ನು ಹುಡುಕಲೇಬೇಕು. ಜಾಳಿಗೆ ಕಟ್ಟಿದ ಪಂಪಿಗೆ ಹೊಸ ಪ್ರೆಷರ್ ರೆಗ್ಯುಲೇಟರ್ ಹಾಕಿ ಪ್ರಯೋಜನವಿಲ್ಲ.

3. ಪಂಪಿನ ಕನೆಕ್ಟರ್‌ನಲ್ಲೇ ವೋಲ್ಟೇಜ್ ನೋಡಿ, ಪಂಪ್ ಓಡುತ್ತಿರುವಾಗ. ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಇಳಿದಿದ್ದರೆ ಅರ್ಥಿಂಗ್, ರಿಲೇ, ಕನೆಕ್ಟರ್ ಪಿನ್ ಪರೀಕ್ಷಿಸಿ.

4. ಲೆಕ್ಕ ತಿಳಿದಿರಲಿ. ಪ್ರೆಷರ್ ಏರಿದಷ್ಟೇ ಪೆಟ್ರೋಲ್ ಏರುವುದಿಲ್ಲ. ಹರಿವು ಪ್ರೆಷರಿನ ವರ್ಗಮೂಲದ ಪ್ರಮಾಣದಲ್ಲಿ ಹೆಚ್ಚುತ್ತದೆ. 3 ಬಾರ್ ಇದ್ದದ್ದನ್ನು 3.5ಕ್ಕೆ ಒಯ್ದರೆ ಸಿಗುವುದು ಸುಮಾರು ಶೇ 8. ಪೂರ್ತಿ 4ಕ್ಕೆ ಏರಿಸಿದರೂ ಶೇ 15ರಷ್ಟೇ. ಅಷ್ಟರಲ್ಲಿ ಪಂಪ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ, ಇಂಜೆಕ್ಟರ್ ಸೂಜಿ ತೆರೆಯಲು ಒದ್ದಾಡುತ್ತದೆ, ಐಡಲ್ ಕೆಡುತ್ತದೆ.

ರೆಗ್ಯುಲೇಟರ್ ಬಿಗಿ ಮಾಡುವ ಉಪಾಯವನ್ನು ನೀವು ಕೇಳಿರಬಹುದು. ಅಮೆರಿಕದಲ್ಲಿ 1980-90ರ ದಶಕಗಳ ಷೆವರ್ಲೆ ಟ್ರಕ್ಕುಗಳ ಥ್ರಾಟಲ್ ಬಾಡಿ ಇಂಜೆಕ್ಷನ್ 9ರಿಂದ 13 ಪಿಎಸ್‌ಐಯಲ್ಲೇ, ಅಂದರೆ ಒಂದು ಬಾರ್‌ಗೂ ಕಡಿಮೆಯಲ್ಲಿ, ಓಡುತ್ತಿತ್ತು. ಅಲ್ಲಿ ರೆಗ್ಯುಲೇಟರ್ ಸ್ಪ್ರಿಂಗ್ ಬಿಗಿ ಮಾಡಿ 12ರಿಂದ 15ಕ್ಕೆ ತಂದರೆ ಶೇ 12 ಸಿಗುತ್ತಿತ್ತು. ಆ ಉಪಾಯ ನಮ್ಮ ಬೈಕಿಗೆ ಹೊಂದದು: ಬಹುತೇಕ ಗಾಡಿಗಳಲ್ಲಿ ರೆಗ್ಯುಲೇಟರ್ ಪಂಪಿನ ಜೊತೆಗೇ ಟ್ಯಾಂಕಿನೊಳಗೆ ಕೂತಿದೆ, ತಿರುಗಿಸಲು ಸ್ಕ್ರೂ ಇಲ್ಲ.

5. ಇ20 ಪೆಟ್ರೋಲಿನ ನೆಪ ಬೇಡ. ಎಥನಾಲ್ ಬೆರೆತಾಗ ಅಷ್ಟೇ ಗಾಳಿಗೆ ಇಂಧನ ತುಸು ಹೆಚ್ಚು ಬೇಕು, ನಿಜ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತನ್ನ ಮಿತಿಯೊಳಗೆ ಅದನ್ನು ತಾನೇ ಸರಿದೂಗಿಸುತ್ತದೆ. ನೀವು ಪ್ರೆಷರ್ ಏರಿಸಿದರೆ ಅದೇ ಇಸಿಯು ಇಂಜೆಕ್ಟರ್ ತೆರೆಯುವ ಹೊತ್ತನ್ನು ಕಡಿತ ಮಾಡಿ ಮೊದಲಿನ ಮಿಶ್ರಣಕ್ಕೇ ತರುತ್ತದೆ. ಫುಲ್ ಥ್ರಾಟಲ್‌ನಲ್ಲಿ ಮಾತ್ರ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ.

6. ಹಾಗಾದರೆ ಏರಿಸುವುದು ಯಾವಾಗ? ಬೋರ್ ದೊಡ್ಡದು ಮಾಡಿಸಿದ ಎಂಜಿನ್, ಇಂಜೆಕ್ಟರ್ ತನ್ನ ಸಮಯದ ಶೇ 85 ಮೀರಿ ತೆರೆದೇ ಇರುವುದು, ಸ್ಕ್ಯಾನರಿನಲ್ಲಿ ಅದು ಖಚಿತವಾಗುವುದು: ಈ ಮೂರೂ ಕೂಡಿದಾಗ. ಆಗಲೂ ದೊಡ್ಡ ಇಂಜೆಕ್ಟರ್ ಹಾಕಿ ಇಸಿಯು ಮ್ಯಾಪ್ ಬದಲಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ. ಪ್ರೆಷರೇ ಬೇಕೆಂದರೆ ಟ್ಯಾಂಕಿನೊಳಗಿನ ರೆಗ್ಯುಲೇಟರ್ ಬದಲಿಗೆ ಹೊಂದಿಸಬಹುದಾದದ್ದನ್ನು ಹಾಕಿ, ಕಾಲು ಬಾರ್‌ನಂತೆ ಏರಿಸುತ್ತ, ಪ್ರತಿ ಸಲ ಪ್ಲಗ್ ಬಿಚ್ಚಿ ನೋಡುತ್ತ ಹೋಗಿ.

7. ಪೈಪ್ ಬಿಚ್ಚುವ ಮುಂಚೆ ಪಂಪಿನ ಫ್ಯೂಜ್ ತೆಗೆದು, ಎಂಜಿನ್ ತಾನಾಗಿ ಬಂದ್ ಆಗುವವರೆಗೆ ಓಡಿಸಿ. ಕಾರ್ಬ್ಯುರೇಟರ್ ಕಾಲದ ಪೈಪ್ ಬೇಡ. ಇಂಜೆಕ್ಷನ್‌ಗೆಂದೇ ಬರುವ ಪೈಪ್, ಕ್ಲ್ಯಾಂಪ್ ಹಾಕಿ. ಬೀಡಿ ಹೊರಗೆ, ಬೆಂಕಿ ಆರಿಸುವ ಸಿಲಿಂಡರ್ ಒಳಗೆ.

8. ಟ್ರಯಲ್ ಊರೊಳಗೇ ಮುಗಿಸಬೇಡಿ. ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರ್ ಎತ್ತರದಲ್ಲಿರುವ ನಮ್ಮಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 8ರಷ್ಟು ಕಡಿಮೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋದಾಗ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ, ಹೆಚ್ಚು ಪೆಟ್ರೋಲ್ ಕೇಳುತ್ತದೆ. ಹುಬ್ಬಳ್ಳಿಯಲ್ಲೇ ಮಿತಿಗೆ ಬಂದಿದ್ದ ಇಂಜೆಕ್ಟರ್ ಅಲ್ಲಿ ಕೈಕೊಡುತ್ತದೆ. ಆ ದಾರಿ ಹಿಡಿಯುವ ಗಿರಾಕಿಗೆ ಮೊದಲೇ ತಿಳಿಸಿ, ಬಿಲ್ಲಿನ ಹಿಂಬದಿಗೆ ಗೇಜಿನ ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಬರೆದುಕೊಡಿ.