ಓತಿಕ್ಯಾತ ಹೆದರದಿದ್ದರೆ

ಕಪ್ಪತಗುಡ್ಡದ ಸೆರಗಿನ ಕುರುಚಲು ಬಯಲಿಗೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಇಲ್ಲಿ ಕೆಲಸ ಮಾಡುವವರಿಗೆ ಹೊತ್ತು ಹೇಳುವುದು ನೆಲದ ಕಾವು. ಏಪ್ರಿಲ್‌ನಲ್ಲಿ ಗಾಳಿ 40 ಡಿಗ್ರಿ ಇದ್ದರೆ ಬರಿನೆಲ 55 ದಾಟಿರುತ್ತದೆ. ಆಗ ಹಕ್ಕಿ, ಹಲ್ಲಿ, ಕುರಿ, ಕುರಿಗಾಹಿ ಎಲ್ಲರೂ ನೆರಳಲ್ಲಿ. ಸಂಶೋಧಕ ಮಾತ್ರ ಬಿಸಿಲಲ್ಲಿ. ಸ್ಯಾಂಡ್‌ಗ್ರೌಸ್ ಹಕ್ಕಿಗಳನ್ನು ಎಣಿಸಬೇಕೆಂದು ಬಯಲೆಲ್ಲ ಅಲೆಯುವುದೂ ವ್ಯರ್ಥವೇ. ಬೆಳಿಗ್ಗೆ ನೀರಿನ ಹತ್ತಿರ ಸುಮ್ಮನೆ ಕೂತರೆ ಅವೇ ಬರುತ್ತವೆ. ಗಂಡು ಹೊಟ್ಟೆಯ ಗರಿ ನೆನೆಸಿಕೊಂಡು ಹೋಗಿ ಮರಿಗಳಿಗೆ ನೀರು ಕುಡಿಸುತ್ತದೆ.

ನಾನು ಹೆಚ್ಚು ಹಿಂಬಾಲಿಸಿದ್ದು ಬೀಸಣಿಗೆ ಗಂಟಲಿನ ಓತಿಯನ್ನು. ಬಾಲ ಬಿಟ್ಟರೆ ಬೆರಳುದ್ದದ ಪ್ರಾಣಿ. ಬೇಸಿಗೆಯಲ್ಲಿ ಗಂಡು ಕಲ್ಲು ಹತ್ತಿ, ಗದ್ದದ ಕೆಳಗಿನ ಚರ್ಮವನ್ನು ಪಟಪಟ ಬಿಚ್ಚಿ ಮುಚ್ಚುತ್ತದೆ. ಕಲ್ಲು ಸುಡತೊಡಗಿದರೆ ಕಾಲ ಬೆರಳುಗಳನ್ನು ಮೇಲೆತ್ತಿ ಹಿಮ್ಮಡಿಯ ಮೇಲೆ ನಿಲ್ಲುತ್ತದೆ, ಜಾಗ ಮಾತ್ರ ಬಿಡುವುದಿಲ್ಲ. ಅದು ನಮ್ಮನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ ಎಂದು ಅಳೆಯುವುದೇ ನಮ್ಮ ಕೆಲಸ. ದಿನವೂ ಅದೇ ಮಣ್ಣುಬಣ್ಣದ ಅಂಗಿ, ಅದೇ ನಡಿಗೆ. ಅದು ಓಡಿದ ಗಳಿಗೆಗೆ ನಿಂತಲ್ಲೇ ಒಂದು ಹರಳು ಬೀಳಿಸಿ, ಅದು ಕೂತಿದ್ದ ಕಲ್ಲಿನವರೆಗೆ ಟೇಪು ಹಿಡಿಯಬೇಕು.

ಒಮ್ಮೆ ಇದನ್ನೆಲ್ಲ ನೋಡುತ್ತಿದ್ದ ಕುರಿಗಾಹಿ ಅಜ್ಜ ಹೇಳಿದ: ‘ಅದು ನಿಮಗ ಅಂಜಿ ಓಡಿಲ್ರಿ ಸಾಹೇಬ್ರ. ಮ್ಯಾಲ ನೋಡ್ರಿ.’ ತಲೆಯೆತ್ತಿದರೆ ರಾಮದಾಸ ಹದ್ದು ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತಿತ್ತು. ಅಂದಿನಿಂದ ಪ್ರತಿ ಅಳತೆಯ ಪಕ್ಕ ಆಕಾಶದಲ್ಲಿ ಏನಿತ್ತು ಎಂದೂ ಬರೆಯುತ್ತೇನೆ. ಪಕ್ಷಿ ಬಲ್ಲವರು ಒಂದು ಕಡೆ, ಸರೀಸೃಪ ಬಲ್ಲವರು ಇನ್ನೊಂದು ಕಡೆ ಎಂಬ ಪಾಲು ವಿಶ್ವವಿದ್ಯಾಲಯದಲ್ಲಿ ನಡೆದೀತು, ಬಯಲಿನಲ್ಲಿ ನಡೆಯದು.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾದಾಗ ಅಜ್ಜನ ಮಾತು ಇನ್ನಷ್ಟು ಬೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಗಾಳಿಯಂತ್ರ ಇರುವ, ಇಲ್ಲದ ಜಾಗಗಳನ್ನು ಹೋಲಿಸಿದರು. ಯಂತ್ರಗಳಿಲ್ಲದ ಕಡೆ ಬೇಟೆ ಹಕ್ಕಿಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು. ಯಂತ್ರಗಳಿರುವ ಕಡೆ ಓತಿಗಳೇ ಹೆಚ್ಚು! ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆ, ಮನುಷ್ಯ ತೀರ ಹತ್ತಿರ ಬರುವವರೆಗೂ ಕದಲುವುದಿಲ್ಲ. ಆದರೆ ಮೈ ಸಣಕಲು, ಗಂಟಲಿನ ನೀಲಿ ಕಿತ್ತಳೆ ಮಂಕು. ಓತಿ ಹೆಚ್ಚಿದರೆ ಬಯಲು ಚೆನ್ನಾಗಿದೆ ಎಂದು ಬರೆಯಲು ನನ್ನ ಕೈ ಈಗ ಓಡುವುದಿಲ್ಲ.

ಗಾಳಿಯಂತ್ರವೇ ಬೇಡ ಎನ್ನುವವನಲ್ಲ ನಾನು. ನನಗೆ ಅದಕ್ಕಿಂತ ದಿಗಿಲು ಗಿಡ ನೆಡುವ ಉತ್ಸಾಹದ್ದು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದೊಳಗೇ ನೀಲಗಿರಿ ತೋಪು ಎಬ್ಬಿಸಿದವರು ನಾವು. ಬೋಳು ನೆಲ ಕಂಡರೆ ‘ಪಾಳು’ ಎನ್ನುತ್ತೇವೆ. ಹಳದಿ ಟಿಟ್ಟಿಭ ಮೊಟ್ಟೆಯಿಡುವುದು ಆ ಬೋಳು ನೆಲದ ಹರಳುಗಳ ನಡುವೆಯೇ. ಗೂಡಿನ ಪಕ್ಕ ಗುರುತಿಗೆಂದು ಬಾವುಟ ನೆಡಬಾರದು, ಕಾಗೆಗೂ ಗುರುತು ಸಿಗುತ್ತದೆ.

ಇಂಥ ಯೋಜನೆಗಳಿಗೆ ವರದಿ ಬರೆಯುವಾಗ ಓತಿ ಓಡಿದ ದೂರದ ಪಟ್ಟಿಯನ್ನೂ ಸೇರಿಸುತ್ತೇನೆ. ಇದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲವೆಂದು ಒಂದು ಕಚೇರಿಯಿಂದ ವಾಪಸು ಬಂತು. ಈಗ ಷರಾ ಕಾಲಂನಲ್ಲಿ ಬರೆದು ಕಳಿಸುತ್ತೇನೆ. ಅಲ್ಲಿ ಏನು ಬರೆಯಬೇಕೆಂಬ ನಿಯಮ ಇಲ್ಲ.