ಅರಸನ ಮುಂದೆ ನಿಂತ ಬಿಷಪ್

ಧರ್ಮಗುರುವೊಬ್ಬರು ಅರಸನನ್ನು ತಿದ್ದಿದರೆಂದು ಕೇಳಿದಾಗ ನಮಗೆಲ್ಲ ಹಿಗ್ಗಾಗುತ್ತದೆ. ಆದರೆ ಯಾರ ಪರವಾಗಿ ತಿದ್ದಿದರು ಎಂದು ನೀವು ಎಂದಾದರೂ ವಿಚಾರಿಸಿದ್ದೀರಾ?

ಹ. ಈಸಾ(ಅ)ರ ಅನುಯಾಯಿಗಳು ರೋಮಿನ ಆಡಳಿತದಲ್ಲಿ ಆಗಾಗ ಕಠಿಣ ಹಿಂಸೆಗೆ ಗುರಿಯಾದವರು. ಕ್ರಿ.ಶ. 313ರಲ್ಲಿ ಕಾನ್‌ಸ್ಟಾಂಟೈನ್ ಮತ್ತು ಲಿಸಿನಿಯಸ್ ಅವರಿಗೆ ಆರಾಧನೆಯ ಸ್ವಾತಂತ್ರ್ಯವಿತ್ತರು. 380ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್, ಪ್ರಜೆಗಳೆಲ್ಲರೂ ಕ್ರೈಸ್ತ ವಿಶ್ವಾಸವನ್ನೇ ಪಾಲಿಸಬೇಕೆಂದು ಶಾಸನ ಹೊರಡಿಸಿದ. ಕೇವಲ 67 ವರ್ಷಗಳಲ್ಲಿ ಪೀಡಿತರ ಧರ್ಮವು ಅರಮನೆಯ ಧರ್ಮವಾಯಿತು.

ಆಗ ಮಿಲಾನಿನಲ್ಲಿ ಆಂಬ್ರೋಸ್ ಬಿಷಪರಾಗಿದ್ದರು. ಹಿಂದೆ ಅದೇ ಪ್ರಾಂತದ ರಾಜ್ಯಪಾಲರಾಗಿದ್ದವರು; ಅಧಿಕಾರದ ಒಳಹೊರಗನ್ನು ಬಲ್ಲವರು. 390ರಲ್ಲಿ ಥೆಸಲೋನಿಕದ ಜನ ದಂಗೆಯೆದ್ದು ಸೇನಾಧಿಕಾರಿಯೊಬ್ಬನನ್ನು ಕೊಂದರು. ಕಾರಣ, ಜನರ ನೆಚ್ಚಿನ ರಥ ಓಡಿಸುವವನೊಬ್ಬನನ್ನು ಅವನು ಸೆರೆಯಲ್ಲಿಟ್ಟಿದ್ದ! ಅರಸನ ಸೈನಿಕರು ಸೇಡು ತೀರಿಸಿಕೊಂಡರು. ಸತ್ತವರು 7,000 ಎಂದು ನಂತರದ ಚರಿತ್ರಕಾರ ಥಿಯೋಡೊರೆಟ್ ಬರೆದಿದ್ದಾನೆ. ಆಂಬ್ರೋಸ್ ತಾವೇ ಕೈಯಾರೆ ಪತ್ರ ಬರೆದು, ಪಶ್ಚಾತ್ತಾಪಪಡುವ ತನಕ ನಿನ್ನ ಎದುರಿನಲ್ಲಿ ಬಲಿಪೂಜೆ ನಡೆಸಲಾರೆನೆಂದು ಅರಸನಿಗೆ ತಿಳಿಸಿದರು. ಅರಸ ರಾಜಚಿಹ್ನೆಗಳನ್ನು ಕಳಚಿಟ್ಟು, ಚರ್ಚಿನಲ್ಲಿ ಎಲ್ಲರೆದುರು ಅತ್ತ. ಚರ್ಚಿನ ಬಾಗಿಲಲ್ಲೇ ಅವನನ್ನು ತಡೆದರೆಂಬ ಕಥೆ ಆಮೇಲೆ ಹುಟ್ಟಿದ್ದು. ಚಿತ್ರಕಾರರಿಗೆ ಅದೇ ಪ್ರಿಯ.

ಎಂತಹ ಧೈರ್ಯ! ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳು ಕಣ್ಣರಳಿಸುತ್ತಾರೆ. ಆದರೆ ನಾನು ಅಲ್ಲಿಗೇ ನಿಲ್ಲಿಸುವುದಿಲ್ಲ.

ಅದಕ್ಕೆ ಎರಡು ವರ್ಷ ಮುಂಚೆ, 388ರಲ್ಲಿ, ಯೂಫ್ರಟಿಸ್ ನದಿಯ ದಡದ ಕಲ್ಲಿನಿಕಂನಲ್ಲಿ (ಇಂದಿನ ಸಿರಿಯಾದ ರಕ್ಕಾ) ಕ್ರೈಸ್ತರ ಗುಂಪೊಂದು ಯಹೂದಿಯರ ಆರಾಧನಾಲಯವನ್ನು ಸುಟ್ಟಿತು. ಅಲ್ಲಿನ ಬಿಷಪನದೇ ಪ್ರಚೋದನೆಯೆಂದು ದೂರು. ಬಿಷಪನೇ ತನ್ನ ಖರ್ಚಿನಲ್ಲಿ ಅದನ್ನು ಕಟ್ಟಿಸಿಕೊಡಲಿ, ಸುಟ್ಟವರಿಗೆ ಶಿಕ್ಷೆಯಾಗಲಿ ಎಂದು ಥಿಯೋಡೋಸಿಯಸ್ ಆಜ್ಞಾಪಿಸಿದ. ನ್ಯಾಯವಾದ ಆಜ್ಞೆಯಲ್ಲವೇ? ಇದನ್ನೂ ಆಂಬ್ರೋಸರೇ ವಿರೋಧಿಸಿದರು. ಕ್ರೈಸ್ತ ಅರಸನು ಯಹೂದಿಯರಿಗೆ ಕ್ರೈಸ್ತರ ಮೇಲೆ ಗೆಲುವು ಕೊಡಬಾರದೆಂಬುದು ಅವರ ವಾದ. ಅರಸ ಕಟ್ಟಿಸುವ ಮಾತನ್ನು ಬಿಟ್ಟುಕೊಟ್ಟ. ಅದೂ ಸಾಲಲಿಲ್ಲ. ಚರ್ಚಿನಲ್ಲಿ ಅವನೆದುರು ನಿಂತು, ವಿಚಾರಣೆಯನ್ನೇ ಕೈಬಿಡುವೆನೆಂದು ಮಾತು ಕೊಡುವ ತನಕ ಅವರು ಪೂಜಾಪೀಠಕ್ಕೆ ಹೋಗಲಿಲ್ಲ. ಇದನ್ನೆಲ್ಲ ಅವರೇ ಅಕ್ಕ ಮಾರ್ಸೆಲಿನಾಳಿಗೆ ಪತ್ರದಲ್ಲಿ ವಿವರಿಸಿದ್ದಾರೆ, ಅಳುಕಿಲ್ಲದೆ.

ಅದೇ ಮನುಷ್ಯ, ಅದೇ ಪೀಠ, ಅದೇ ಅಸ್ತ್ರ. ನಮ್ಮವರು ಅಧಿಕಾರಸ್ಥರೆದುರು ಎದೆಯೊಡ್ಡಿದ ಕಥೆಗಳನ್ನೂ ನಾವು ಅಭಿಮಾನದಿಂದ ಹೇಳುತ್ತೇವೆ. ಸುಟ್ಟವರು ನಮ್ಮವರೇ ಆಗಿದ್ದಾಗ ಏನು ಹೇಳಿದರೆಂದು ವಿಚಾರಿಸುವವರು ಕಡಿಮೆ.

393ರಲ್ಲಿ ಥಿಯೋಡೋಸಿಯಸ್ ಮತ್ತೊಂದು ಶಾಸನ ಹೊರಡಿಸಿದ: ಕ್ರೈಸ್ತ ಧರ್ಮದ ಹೆಸರಿನಲ್ಲಿ ಯಹೂದಿ ಆರಾಧನಾಲಯಗಳನ್ನು ಕೆಡಹುವವರನ್ನು ಹತ್ತಿಕ್ಕಬೇಕು. ಕಲ್ಲಿನಿಕಂ ಉರಿದು ಆಗಲೇ ಐದು ವರ್ಷವಾಗಿತ್ತು.